ಬಸ್ಸು ನಿಂತಾಗ ಸಕ್ಕರೆ ಏರಿತು

ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಶುಗರ್ ರೋಗಿಗಳಿಗೆ ಕೊರೋನಾ ಕಲಿಸಿದ ಪಾಠ. ಕಲಿತವರೆಷ್ಟು ಮಂದಿ?

ಮಲೆನಾಡಿನಲ್ಲಿ ಬಸ್ ಕಂಡಕ್ಟರ್ ಎಂದರೆ ಬರೀ ಟಿಕೆಟ್ ಹರಿಯುವವನಲ್ಲ. ಬೆಳಗಿನ ಬಸ್ಸಿಗೆ ಕೈ ಅಡ್ಡ ಹಿಡಿದು, ಚೀಟಿಯ ಜೊತೆ ನೂರೋ ಇನ್ನೂರೋ ರೂಪಾಯಿ ಕೊಟ್ಟು, 'ಅಣ್ಣಾ, ಅಪ್ಪಯ್ಯಂದು ಶುಗರ್ ಗುಳಿಗೆ' ಎಂದರೆ ಸಾಕು. ಪೇಟೆಯ ಮೆಡಿಕಲ್ ಶಾಪಿನವರು ಚೀಟಿ ನೋಡಿ ಔಷಧಿ ಕಟ್ಟಿಡುತ್ತಾರೆ. ಸಂಜೆಯ ಟ್ರಿಪ್ಪಿನಲ್ಲಿ ಆ ಪೊಟ್ಟಣ ಡ್ರೈವರ್ ಎದುರಿನ ಗಾಜಿನ ಹತ್ತಿರ ಕೂತು ಬರುತ್ತದೆ, ಸ್ಟಾಪಿನ ಗೂಡಂಗಡಿಯಲ್ಲಿ ಇಳಿಯುತ್ತದೆ. ಚಿಲ್ಲರೆಯೂ ಲೆಕ್ಕ ತಪ್ಪದೆ ವಾಪಸು ಬರುತ್ತದೆ. ಇದಕ್ಕೆ ರಶೀದಿ ಇಲ್ಲ, ಕಮೀಷನ್ ಇಲ್ಲ. ಸಾಗರದಿಂದ ಕಾರ್ಗಲ್ ಕಡೆಗೆ, ಹೊಸನಗರದಿಂದ ನಗರ, ನಿಟ್ಟೂರಿನ ಕಡೆಗೆ, ತೀರ್ಥಹಳ್ಳಿಯಿಂದ ಮೇಗರವಳ್ಳಿ, ಆಗುಂಬೆ, ಕೋಣಂದೂರಿನ ಕಡೆಗೆ ಹೋಗುವ ದಾರಿಗಳಲ್ಲಿ ಎಷ್ಟೋ ಸಕ್ಕರೆ ಕಾಯಿಲೆಯವರ ಜೀವ ಹೀಗೆ ಬಸ್ಸನ್ನೇ ನಂಬಿಕೊಂಡಿದೆ.

2020ರ ಮಾರ್ಚ್ 24ರ ರಾತ್ರಿ ಪ್ರಧಾನಿಯವರು ಟಿ.ವಿ.ಯಲ್ಲಿ ಬಂದು 21 ದಿನ ಯಾರೂ ಮನೆಯಿಂದ ಹೊರಗೆ ಬರಬೇಡಿ ಎಂದರು. ಮಾರನೇ ದಿನ ಬಸ್ಸು ಬರಲಿಲ್ಲ. 21 ದಿನ ಎಂದದ್ದು ಎಳೆದೂ ಎಳೆದೂ ಎಂಟು ವಾರವಾಯಿತು. ಸರಕಾರಿ ಬಸ್ಸುಗಳು ಮತ್ತೆ ಹೊರಟದ್ದು ಮೇ 19ರಂದು. ಅದೂ ಅರ್ಧ ಸೀಟಿಗೆ. ಖಾಸಗಿ ಬಸ್ಸುಗಳೇ ಹೆಚ್ಚಿರುವ ಈ ಸೀಮೆಗೆ ಮೊದಲಿನ ಟ್ರಿಪ್ಪುಗಳು ಬರಲು ಇನ್ನೂ ಕಾಲ ಹಿಡಿಯಿತು. ತೀರ್ಥಹಳ್ಳಿ, ಕೊಪ್ಪ ಕಡೆಯ ಜನರ ಕಾಲಿನಂತಿದ್ದ ಸಹಕಾರ ಸಾರಿಗೆ ಬಸ್ಸುಗಳಂತೂ ಆ ವರ್ಷದ ಆರಂಭದಲ್ಲೇ, ಕೊರೋನಾ ಬರುವ ಮೊದಲೇ ನಿಂತು ಹೋಗಿದ್ದವು.

ಇಲ್ಲೊಂದು ವಿಚಿತ್ರ ನೋಡಿ. ಮೆಡಿಕಲ್ ಶಾಪಿಗೆ ಬೀಗ ಇರಲಿಲ್ಲ. ಔಷಧಿ ಅಂಗಡಿ ತೆರೆದಿರಲಿ ಎಂದು ಸರಕಾರವೇ ವಿನಾಯಿತಿ ಕೊಟ್ಟಿತ್ತು. ಬೀಗ ಬಿದ್ದದ್ದು ಅಂಗಡಿಗೂ ರೋಗಿಗೂ ನಡುವೆ ಇದ್ದ ರಸ್ತೆಗೆ. ಬೈಕಿದ್ದ ಮನೆಯವರು ಚೆಕ್‌ಪೋಸ್ಟಿನಲ್ಲಿ ಚೀಟಿ ತೋರಿಸಿ, ಪೊಲೀಸರ ಕೈಲಿ ನಾಲ್ಕು ಮಾತು ಕೇಳಿ ಪೇಟೆಗೆ ಬಂದರು. ಬೈಕಿಲ್ಲದ ಮನೆಯ ಮುದುಕರು, ಗಂಡುಮಕ್ಕಳು ಬೆಂಗಳೂರಿನಲ್ಲಿದ್ದ ಮನೆಯವರು ಏನು ಮಾಡಬೇಕಿತ್ತು? ದಿನಕ್ಕೆರಡು ಗುಳಿಗೆ ನುಂಗುವವರಿಗೆ ಹತ್ತು ಗುಳಿಗೆಯ ಒಂದು ಸ್ಟ್ರಿಪ್ ಐದೇ ದಿನ. ಕೂಲಿ ನಿಂತು ಕೈಯಲ್ಲಿ ಕಾಸಿಲ್ಲದ ಹೊತ್ತು. ಎರಡಿದ್ದದ್ದು ಒಂದಾಯಿತು, ಒಂದಿದ್ದದ್ದು ದಿನ ಬಿಟ್ಟು ದಿನಕ್ಕೆ ಬಂತು. ಆಮೇಲೆ 'ಮೈ ಹುಷಾರಿದೆಯಲ್ಲ, ಬಿಡು' ಎಂಬಲ್ಲಿಗೆ ನಿಂತಿತು.

ಶರಾವತಿ ಹಿನ್ನೀರಿನಾಚೆಯ ತುಮರಿ, ಕರೂರು ಕಡೆಯವರ ಪಾಡು ಇನ್ನೂ ಒಂದು ಕೈ ಮೇಲು. ಈಗ ಅಂಬಾರಗೋಡ್ಲು-ಕಳಸವಳ್ಳಿ ನಡುವೆ ಸೇತುವೆಯಾಗಿದೆ, 2025ರ ಜುಲೈ 14ರಂದು ಉದ್ಘಾಟನೆಯೂ ಆಯಿತು. 2020ರಲ್ಲಿ ಇದ್ದದ್ದು ಲಾಂಚು ಮಾತ್ರ. ಕತ್ತಲಾದರೆ ಲಾಂಚಿಲ್ಲ. ರಾತ್ರಿ ಸಕ್ಕರೆ ಇಳಿದು ಒಬ್ಬರು ಬೆವತು ಬಿದ್ದರೆ ಈ ದಡದ ಸಾಗರ ಆಸ್ಪತ್ರೆ ಬೆಂಗಳೂರಿನಷ್ಟೇ ದೂರ.

ಹಸಿರು ವಲಯದೊಳಗಿನ ಕೆಂಪು ದೀಪ

ಆಗ ಶಿವಮೊಗ್ಗ ಜಿಲ್ಲೆ ಹಸಿರು ವಲಯ. ಮೇ 10ರಂದು ಹೊರರಾಜ್ಯದಿಂದ ಬಂದ ಎಂಟು ಮಂದಿಯಲ್ಲಿ ಸೋಂಕು ಕಾಣಿಸುವವರೆಗೆ ಜಿಲ್ಲೆಯಲ್ಲಿ ಒಂದೂ ಕೇಸು ಇರಲಿಲ್ಲ. ನಮ್ಮ ಗಾಳಿ ಒಳ್ಳೇದು, ನಮ್ಮ ನೀರು ಒಳ್ಳೇದು, ನಮಗೆಲ್ಲಿಯ ಕೊರೋನಾ ಎಂದು ಕಟ್ಟೆಯ ಮೇಲೆ ಕೂತವರು ಮೀಸೆ ತಿರುವಿದ್ದೇ ತಿರುವಿದ್ದು. ವೈರಸ್ಸು ಬರಲಿಲ್ಲ, ನಿಜ. ಅದು ಬರುವ ಮೊದಲೇ ಅದಕ್ಕೆ ಬೇಕಾದ ಹಾಸಿಗೆಯನ್ನು ಈ ಎಂಟು ವಾರ ಹಾಸಿಟ್ಟಿತು ಎಂಬುದನ್ನು ಯಾರೂ ಗಮನಿಸಲಿಲ್ಲ.

ಸಕ್ಕರೆ ಕಾಯಿಲೆ ದಿನಚರಿಯ ಕಾಯಿಲೆ. ಹೊತ್ತಿಗೆ ಸರಿಯಾಗಿ ಗುಳಿಗೆ, ಹೊತ್ತಿಗೆ ಸರಿಯಾಗಿ ಊಟ, ಒಂದಿಷ್ಟು ನಡಿಗೆ, ತಿಂಗಳಿಗೊಂದು ರಕ್ತ ಪರೀಕ್ಷೆ. ಈ ನಾಲ್ಕು ಕಾಲಿನ ಮೇಲೆ ರೋಗಿ ನಿಂತಿರುತ್ತಾನೆ. ಸಾಂಕ್ರಾಮಿಕ ಬಂದಾಗ ಮೊದಲು ಮುರಿಯುವುದೇ ಈ ಕಾಲುಗಳು. ಪೇಟೆಯ ಅಂಗಡಿಯವರನ್ನೇ ತೆಗೆದುಕೊಳ್ಳಿ. ಬೆಳಿಗ್ಗೆ ಎದ್ದು ಬಾಗಿಲು ತೆಗೆದು, ದಿನವಿಡೀ ನಿಂತು, ಓಡಾಡಿ, ರಾತ್ರಿ ಬಾಗಿಲೆಳೆಯುತ್ತಿದ್ದವರು ಏಕಾಏಕಿ ಮನೆಯ ಜಗಲಿಯಲ್ಲಿ ಕೂತರು. ಸಾಲದ ಚಿಂತೆ ಒಂದು ಕಡೆ, ಕೊಳೆಯುವ ಸರಕಿನ ಚಿಂತೆ ಇನ್ನೊಂದು ಕಡೆ. ನಿದ್ದೆಗೆಟ್ಟರೆ, ಚಿಂತೆ ಹೆಚ್ಚಿದರೆ ಸಕ್ಕರೆ ಏರುತ್ತದೆ ಎಂಬುದು ಡಾಕ್ಟರರೆಲ್ಲ ಹೇಳುವ ಮಾತು.

ಇನ್ನು ಊಟ. ಏಪ್ರಿಲ್, ಮೇ ಅಂದರೆ ಮಲೆನಾಡಿನಲ್ಲಿ ಮಾವು, ಹಲಸಿನ ಕಾಲ. ಪೇಟೆಗೆ ಹೋಗದ ಹಣ್ಣು ಮನೆಯಲ್ಲೇ ಉಳಿಯಿತು. ಬೆಳಿಗ್ಗೆ ಹಲಸಿನ ಹಣ್ಣಿನ ಕಡುಬು, ಮಧ್ಯಾಹ್ನ ಮಾವಿನ ಹಣ್ಣಿನ ಸಾಸಿವೆ, ಸಂಜೆ ಸುಮ್ಮನೆ ಕೂತು ಹತ್ತು ತೊಳೆ. ನ್ಯಾಯಬೆಲೆ ಅಂಗಡಿಯಲ್ಲಿ ಆ ಏಪ್ರಿಲ್‌ನಿಂದ ಕೇಂದ್ರದ ಲೆಕ್ಕದಲ್ಲಿ ತಲೆಗೆ 5 ಕೆ.ಜಿ. ಅಕ್ಕಿ ಹೆಚ್ಚಿಗೆ ಸಿಕ್ಕಿತು. ಹಸಿದ ಹೊಟ್ಟೆಗೆ ಅದು ದೊಡ್ಡ ಆಸರೆ, ಅದರಲ್ಲಿ ಎರಡು ಮಾತಿಲ್ಲ. ತರಕಾರಿ ಗಾಡಿ ಬಾರದ ಊರಲ್ಲಿ ಮೂರು ಹೊತ್ತೂ ಅನ್ನವೇ ಆದಾಗ ಶುಗರ್ ರೋಗಿಯ ಗತಿ ಏನು? ಸಾಲದ್ದಕ್ಕೆ ಕಷಾಯ. ಅಮೃತಬಳ್ಳಿ, ಶುಂಠಿ, ಕಾಳುಮೆಣಸು, ಅದು ಕಹಿ ಅಂತ ಒಂದು ಉಂಡೆ ಬೆಲ್ಲ. ಕೇಂದ್ರದ ಆಯುಷ್ ಇಲಾಖೆಯ ಸಲಹೆಯಲ್ಲೂ ರುಚಿಗೆ ಬೇಕಾದರೆ ಬೆಲ್ಲ ಎಂದಿತ್ತು. ಸಕ್ಕರೆ ಬೇಡ, ಬೆಲ್ಲ ಆಗಬಹುದು ಎಂಬ ನಂಬಿಕೆ ನಮ್ಮಲ್ಲಿ ಮೊದಲೇ ಬೇರು ಬಿಟ್ಟಿದೆ. ರಕ್ತಕ್ಕೆ ಇಳಿದ ಮೇಲೆ ಎರಡೂ ಒಂದೇ, ಜೋನಿ ಬೆಲ್ಲವೂ ಅಷ್ಟೇ.

ವೈರಸ್ಸಿಗೂ ಸಕ್ಕರೆಗೂ ಏನು ನಂಟು?

ಚೀನಾದವರು 2020ರ ಫೆಬ್ರವರಿಯಲ್ಲಿ ಹೊರಹಾಕಿದ ಲೆಕ್ಕದಲ್ಲಿ ಕೊರೋನಾ ಬಂದ ನೂರು ಜನರಲ್ಲಿ ಸತ್ತವರು ಸರಾಸರಿ 2.3. ಸಕ್ಕರೆ ಕಾಯಿಲೆ ಇದ್ದವರಲ್ಲಿ ಅದು 7.3. ಅಂದರೆ ಮೂರು ಪಟ್ಟು. ಇಂಗ್ಲೆಂಡಿನಲ್ಲಿ ಮೊದಲ ಅಲೆಯಲ್ಲಿ ಆಸ್ಪತ್ರೆಯಲ್ಲಿ ಸತ್ತವರಲ್ಲಿ ಹೆಚ್ಚುಕಡಿಮೆ ಮೂರರಲ್ಲೊಬ್ಬರು ಮಧುಮೇಹಿಗಳು. ನಮ್ಮ ದೇಶದ ಮಧುಮೇಹಿಗಳ ಸಂಖ್ಯೆಯಾದರೂ ಎಷ್ಟು? ಐಸಿಎಂಆರ್ ಬೆಂಬಲದ ದೊಡ್ಡ ಸಮೀಕ್ಷೆಯೊಂದು 2023ರಲ್ಲಿ ಪ್ರಕಟವಾಯಿತು. ಅದರ ಲೆಕ್ಕ 10 ಕೋಟಿ 10 ಲಕ್ಷ. ಕಾಯಿಲೆಯ ಹೊಸ್ತಿಲಲ್ಲಿ ನಿಂತವರು ಇನ್ನೂ 13 ಕೋಟಿಗೂ ಹೆಚ್ಚು.

ಜನರಿಗೆ ಅರ್ಥವಾಗದ ಒಂದು ಸಂಗತಿ ಇಲ್ಲಿದೆ. ಜ್ವರ ಬಂದಾಗ ಬಾಯಿ ಕಹಿ, ಊಟ ಸೇರುವುದಿಲ್ಲ. 'ಹೊಟ್ಟೆಗೇ ಏನೂ ಬಿದ್ದಿಲ್ಲ ಮಾರಾಯ್ರೆ, ಸಕ್ಕರೆ ಎಲ್ಲಿಂದ ಬರ್ತದೆ, ಗುಳಿಗೆ ಯಾಕೆ?' ಎಂದು ಔಷಧಿ ನಿಲ್ಲಿಸುತ್ತಾರೆ. ಮೇಲ್ನೋಟಕ್ಕೆ ಮಾತು ಸರಿಯಾಗಿಯೇ ಇದೆ. ಒಳಗಿನ ಕತೆಯೇ ಬೇರೆ. ಸೋಂಕಿನ ಜೊತೆ ಗುದ್ದಾಡಲು ಮೈ ಕೆಲವು ಹಾರ್ಮೋನುಗಳನ್ನು ಬಿಡುತ್ತದೆ. ಅವು ಲಿವರ್‌ಗೆ 'ಕೂಡಿಟ್ಟ ಸಕ್ಕರೆ ತೆಗೆ' ಎನ್ನುತ್ತವೆ. ಹೊರಗಿನಿಂದ ಒಂದು ಅಗುಳು ಹೋಗದಿದ್ದರೂ ಒಳಗಿನ ಉಗ್ರಾಣದಿಂದಲೇ ಸಕ್ಕರೆ ರಕ್ತಕ್ಕೆ ಸುರಿಯುತ್ತದೆ. ಅದೇ ಹಾರ್ಮೋನುಗಳು ಇನ್ಸುಲಿನ್ ಕೆಲಸಕ್ಕೂ ಅಡ್ಡಗಾಲು ಹಾಕುತ್ತವೆ. ಆದ್ದರಿಂದ ಜ್ವರದಲ್ಲಿ ಊಟ ಬಿಟ್ಟವನ ಸಕ್ಕರೆ 300 ದಾಟಿದರೆ ಆಶ್ಚರ್ಯವಿಲ್ಲ. ಸಕ್ಕರೆ ಏರಿದ ರಕ್ತದಲ್ಲಿ ಸೋಂಕಿನ ಜೊತೆ ಹೋರಾಡುವ ಬಿಳಿ ರಕ್ತಕಣಗಳು ಸೋಮಾರಿಯಾಗುತ್ತವೆ. ಸೋಂಕು ಸಕ್ಕರೆಯನ್ನು ಏರಿಸುತ್ತದೆ, ಸಕ್ಕರೆ ಸೋಂಕನ್ನು ಏರಿಸುತ್ತದೆ. ಮಧ್ಯೆ ಸಿಕ್ಕವನು ರೋಗಿ.

ಎರಡನೇ ಅಲೆ ತಂದ ಕಪ್ಪು

2021ರ ಏಪ್ರಿಲ್ 27ರ ರಾತ್ರಿ ರಾಜ್ಯಕ್ಕೆ ಮತ್ತೆ ಬೀಗ ಬಿತ್ತು. ಬೆಳಿಗ್ಗೆ 6ರಿಂದ 10ರವರೆಗೆ ಮಾತ್ರ ದಿನಸಿ ವ್ಯಾಪಾರ. ಬಸ್ಸು ಮತ್ತೆ ನಿಂತಿತು. ಈ ಸಲ ವೈರಸ್ಸು ಹಳ್ಳಿಗೂ ಬಂತು. ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯೇ ಮೂರೂ ತಾಲ್ಲೂಕಿನ ಕಟ್ಟಕಡೆಯ ಆಸರೆ. ತೀರ್ಥಹಳ್ಳಿಯವರಿಗೆ ಘಾಟಿ ಇಳಿದರೆ ಮಣಿಪಾಲವೂ ಉಂಟು, ಇಳಿಯಲು ಗಾಡಿ ಬೇಕಲ್ಲ.

ಉಸಿರಾಟ ಕೆಟ್ಟವರಿಗೆ ಸ್ಟಿರಾಯ್ಡ್ ಕೊಟ್ಟರು. ಅದರಿಂದ ಉಳಿದ ಜೀವಗಳು ಲೆಕ್ಕವಿಲ್ಲ. ಆದರೆ ಸ್ಟಿರಾಯ್ಡ್ ಸಕ್ಕರೆಯನ್ನು ಗಗನಕ್ಕೇರಿಸುತ್ತದೆ. ಡಾಕ್ಟರರ ಕಣ್ಣೆದುರು, ದಿನಕ್ಕೆ ನಾಲ್ಕು ಸಲ ರಕ್ತ ನೋಡುತ್ತ, ಇನ್ಸುಲಿನ್ ಹೆಚ್ಚುಕಡಿಮೆ ಮಾಡುತ್ತ ಕೊಡಬೇಕಾದ ಔಷಧಿ ಅದು. ವಾಟ್ಸಪ್ಪಿನಲ್ಲಿ ಬಂದ ಚೀಟಿ ನೋಡಿ, ಆಮ್ಲಜನಕ ಸರಿಯಿದ್ದರೂ ಮುಂಜಾಗ್ರತೆಗೆ ಅಂತ ಮನೆಯಲ್ಲೇ ನುಂಗಿದವರೂ ಇದ್ದರು. ಅದರ ಹಿಂದೆಯೇ ಬಂದದ್ದು ಕಪ್ಪು ಶಿಲೀಂಧ್ರ. 2021ರ ಮೇ ತಿಂಗಳಲ್ಲಿ ಕೇಂದ್ರ ಸರಕಾರ ಇದನ್ನು ಸಾಂಕ್ರಾಮಿಕ ರೋಗಗಳ ಕಾಯಿದೆಯಡಿ ವರದಿ ಮಾಡಲೇಬೇಕಾದ ರೋಗವೆಂದು ಘೋಷಿಸಿ ಎಂದು ರಾಜ್ಯಗಳಿಗೆ ಬರೆಯಿತು. ಆಂಫೊಟೆರಿಸಿನ್ ಇಂಜೆಕ್ಷನ್ನಿಗಾಗಿ ಜನ ಊರೂರು ಅಲೆದರು. ಕೊರೋನಾದ ಜೊತೆ ಈ ಶಿಲೀಂಧ್ರ ಹಿಡಿದ 101 ಕೇಸುಗಳನ್ನು ತಜ್ಞರು ಪರಿಶೀಲಿಸಿದಾಗ ಅದರಲ್ಲಿ 82 ಭಾರತದ್ದೇ. ನೂರಕ್ಕೆ 80 ಮಂದಿಗೆ ಮಧುಮೇಹವಿತ್ತು, 76 ಮಂದಿಗೆ ಸ್ಟಿರಾಯ್ಡ್ ಹೋಗಿತ್ತು. ಒಂದು ಕಡೆಯ ಮುಖ ಊದುವುದು, ಮೂಗು ಕಟ್ಟಿ ಕಪ್ಪು ಸಿಂಬಳ ಬರುವುದು, ಕಣ್ಣು ನೋವು, ಒಂದು ವಸ್ತು ಎರಡಾಗಿ ಕಾಣುವುದು, ಹಲ್ಲು ಅಲುಗುವುದು ಅದರ ಗುರುತು. ಕೆಲವರು ಕಣ್ಣನ್ನೇ ತೆಗೆಸಿಕೊಳ್ಳಬೇಕಾಯಿತು.

ಲಸಿಕೆಯ ಸಾಲಿನಲ್ಲಿ ಮಧುಮೇಹಿಗಳಿಗೆ ಮುಂದಿನ ಜಾಗ ಸಿಕ್ಕಿತ್ತು. 2021ರ ಮಾರ್ಚ್ 1ರಿಂದಲೇ 45 ದಾಟಿದ, ಹತ್ತು ವರ್ಷಕ್ಕೂ ಹಳೆಯ ಸಕ್ಕರೆ ಕಾಯಿಲೆಯ ಜೊತೆ ಬಿ.ಪಿ.ಯೂ ಇದ್ದವರು ಹಾಕಿಸಿಕೊಳ್ಳಬಹುದಿತ್ತು. ಡಾಕ್ಟರರ ಸರ್ಟಿಫಿಕೇಟ್ ಬೇಕು ಎಂಬ ಷರತ್ತಿತ್ತು. ಆ ಕಾಗದಕ್ಕಾಗಿ ಪೇಟೆಗೆ ಅಲೆಯುವ ಹೊತ್ತಿಗೆ ತಿಂಗಳು ಕಳೆದು, ಏಪ್ರಿಲ್ 1ರಿಂದ 45 ದಾಟಿದ ಎಲ್ಲರಿಗೂ ಬಾಗಿಲು ತೆರೆಯಿತು.

ಫ್ರಿಜ್ ಇದೆ, ಕರೆಂಟಿಲ್ಲ

ಇನ್ಸುಲಿನ್ ಕಂಡುಹಿಡಿದದ್ದು 1921ರಲ್ಲಿ, ಕೆನಡಾದ ಟೊರಾಂಟೋದಲ್ಲಿ. ಸರಿಯಾಗಿ ನೂರನೇ ವರ್ಷಕ್ಕೆ, ಎರಡನೇ ಅಲೆಯ ನಡುವೆ, ಮಲೆನಾಡಿನ ರೋಗಿ ಅದನ್ನು ಎಲ್ಲಿಡುವುದು ಎಂದು ತಲೆ ಕೆರೆದುಕೊಳ್ಳುತ್ತಿದ್ದ. ಲಿಂಗನಮಕ್ಕಿ ಅಣೆಕಟ್ಟೆಯಿರುವ ಸಾಗರ ತಾಲ್ಲೂಕು, ಮಾಣಿ ಅಣೆಕಟ್ಟೆಯಿರುವ ಹೊಸನಗರ ತಾಲ್ಲೂಕು ರಾಜ್ಯಕ್ಕೆಲ್ಲ ದೀಪ ಹಚ್ಚಿದವು. ತಮ್ಮ ಮನೆಯ ದೀಪ ಮಾತ್ರ ಮೊದಲ ಮಳೆಗೇ ಆರುತ್ತದೆ. ಮರ ಬಿದ್ದು ತಂತಿ ಹರಿದರೆ ಲೈನ್‌ಮನ್ ಬರುವವರೆಗೆ ದೇವರೇ ಗತಿ.

ಹೆದರಬೇಕಾಗಿಲ್ಲ. ಮುಚ್ಚಳ ತೆಗೆಯದ ಇನ್ಸುಲಿನ್ ಬಾಟಲಿ 2ರಿಂದ 8 ಡಿಗ್ರಿಯಲ್ಲಿ, ಅಂದರೆ ಫ್ರಿಜ್ಜಿನಲ್ಲಿರಬೇಕು. ಮೇಲಿನ ಐಸ್ ಗೂಡಿನಲ್ಲಲ್ಲ, ಹೆಪ್ಪುಗಟ್ಟಿದರೆ ಅದು ಕೆಟ್ಟಂತೆ. ಬಳಸಲು ಶುರು ಮಾಡಿದ ಬಾಟಲಿ ಸಾಮಾನ್ಯವಾಗಿ ನಾಲ್ಕು ವಾರ ಹೊರಗೇ ತಂಪು ಜಾಗದಲ್ಲಿ ಇರಬಹುದು. ಹುಲಿಕಲ್, ಆಗುಂಬೆಯ ಮಳೆಗಾಲದಲ್ಲಿ ಮನೆಯೇ ಫ್ರಿಜ್ಜು. ಕಷ್ಟ ಇರುವುದು ಏಪ್ರಿಲ್, ಮೇ ಸೆಖೆಯಲ್ಲಿ. ದೊಡ್ಡ ಮಡಕೆಯಲ್ಲಿ ಒದ್ದೆ ಮರಳು ಹಾಕಿ, ಅದರೊಳಗೆ ಸಣ್ಣ ಕುಡಿಕೆಯಿಟ್ಟು, ಬಾಟಲಿಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಅದರಲ್ಲಿ ಇಟ್ಟರೆ ತಕ್ಕಮಟ್ಟಿಗೆ ತಂಪಾಗಿರುತ್ತದೆ. ಕಂಡಕ್ಟರ್ ಅಣ್ಣಂದಿರಿಗೂ ಒಂದು ಮಾತು: ಗುಳಿಗೆ ಎಲ್ಲಿಟ್ಟರೂ ನಡೆದೀತು, ಇನ್ಸುಲಿನ್ ಪೊಟ್ಟಣವನ್ನು ಮಾತ್ರ ಬಿಸಿಲು ಬೀಳುವ ಎದುರಿನ ಗಾಜಿನ ಹತ್ತಿರ, ಎಂಜಿನ್ ಪಕ್ಕ ಇಡಬೇಡಿ. ಮೆಡಿಕಲ್ ಶಾಪಿನವರು ಪೊಟ್ಟಣದ ಮೇಲೆ 'ಇನ್ಸುಲಿನ್' ಎಂದು ದಪ್ಪಕ್ಷರದಲ್ಲಿ ಬರೆದರೆ ಅಷ್ಟೇ ಸಾಕು.

ನಮಗೆ ಪ್ರತಿ ವರ್ಷ ಬರುವ ಜ್ವರ

ಕೊರೋನಾ ಮುಗಿಯಿತಲ್ಲ, ಈಗ್ಯಾಕೆ ಈ ಪುರಾಣ ಎನ್ನುವವರಿದ್ದಾರೆ. ವಿಶ್ವ ಆರೋಗ್ಯ ಸಂಸ್ಥೆ ಕೊರೋನಾದ ತುರ್ತುಸ್ಥಿತಿ ಮುಗಿಯಿತು ಎಂದದ್ದು 2023ರ ಮೇ 5ರಂದು. ಮಂಗನ ಕಾಯಿಲೆ ಮುಗಿಯಿತು ಎಂದು ಯಾರೂ ಹೇಳಿಲ್ಲ. 1957ರಲ್ಲಿ ಪಕ್ಕದ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಿದ ಈ ಕಾಯಿಲೆ ಚಳಿಗಾಲದಿಂದ ಮಳೆ ಹಿಡಿಯುವವರೆಗೆ ನಮ್ಮ ಕಾಡಂಚಿನಲ್ಲಿ ಹೊಂಚು ಹಾಕುತ್ತದೆ. 2018ರ ಕೊನೆಗೆ, 2019ರ ಆರಂಭಕ್ಕೆ ಸಾಗರ ತಾಲ್ಲೂಕಿನ ಅರಲಗೋಡು ಕಂಡ ಸಾವುಗಳನ್ನು ಜನ ಮರೆತಿಲ್ಲ. ಸೋಂಕು ತಗುಲಿದ ನೂರರಲ್ಲಿ ಮೂರರಿಂದ ಐದು ಮಂದಿಯನ್ನು ಅದು ಒಯ್ಯುತ್ತದೆ. ಅದನ್ನು ಕೊಲ್ಲುವ ಔಷಧಿ ಎಂಬುದಿಲ್ಲ. ಹಳೆಯ ಲಸಿಕೆಯೂ 2022ರಲ್ಲಿ ನಿಂತಿತು.

ಇದು ಕೊರೋನಾದಂತೆ ಮನುಷ್ಯನಿಂದ ಮನುಷ್ಯನಿಗೆ ಹರಡುವುದಿಲ್ಲ, ಉಣುಗು ಕಚ್ಚಿ ಬರುತ್ತದೆ. ಆದರೆ ಶುಗರ್ ರೋಗಿಗೆ ಎರಡರ ಲೆಕ್ಕವೂ ಒಂದೇ: ದಿನಗಟ್ಟಲೆ ಜೋರು ಜ್ವರ, ಮೈಕೈ ನೋವು, ವಾಂತಿ, ಊಟವಿಲ್ಲ. ದರಗು ಗುಡಿಸಲು, ಸೌದೆಗೆ ಹೋಗುವ ಅದೇ ಅಮ್ಮ ಸಕ್ಕರೆ ಕಾಯಿಲೆಯವರೂ ಆಗಿರುತ್ತಾರೆ. ಕಾಡಿಗೆ ಹೋಗುವಾಗ ಮೈಕೈಗೆ ಉಣುಗಿನ ಎಣ್ಣೆ, ಬಂದ ಮೇಲೆ ಬಿಸಿನೀರ ಸ್ನಾನ, ಜೊತೆಗೆ ಕಾಲಿನ ಬೆರಳ ಸಂದಿಯಲ್ಲಿ ಗಾಯ ಉಂಟೇ ಎಂದು ನೋಡಿಕೊಳ್ಳುವುದು. ಇಷ್ಟು ಅವರಿಗೆ ಅಭ್ಯಾಸವಾಗಬೇಕು. ಇಂಬಳ ಕಚ್ಚಿದ ಗಾಯವನ್ನೂ ಶುಗರ್ ಇದ್ದವರು ಅಲಕ್ಷ್ಯ ಮಾಡುವಂತಿಲ್ಲ.

ಜ್ವರದ ದಿನಗಳಿಗೆ ಮನೆಯ ನಿಯಮ

ಡಾಕ್ಟರರು ಸಾಮಾನ್ಯವಾಗಿ ಹೇಳುವುದನ್ನು ಗೋಡೆಯ ಕ್ಯಾಲೆಂಡರಿನ ಪಕ್ಕ ಬರೆದು ಅಂಟಿಸಿಕೊಳ್ಳುವುದು ಒಳ್ಳೆಯದು.

ಇನ್ಸುಲಿನ್ ಚುಚ್ಚಿಕೊಳ್ಳುವವರು ಜ್ವರವೆಂದು ತಾವಾಗಿಯೇ ನಿಲ್ಲಿಸಬಾರದು. ಪ್ರಮಾಣ ಬದಲಿಸಬೇಕಾದೀತು, ಅದನ್ನು ಡಾಕ್ಟರಿಗೆ ಫೋನ್ ಮಾಡಿ ಕೇಳಬೇಕು. ಗುಳಿಗೆಯ ವಿಷಯದಲ್ಲೂ ಅದೇ. ವಾಂತಿ ಭೇದಿಯಾಗಿ ನೀರು ಕಳೆದುಕೊಂಡಾಗ ಕೆಲವು ಗುಳಿಗೆ ನಿಲ್ಲಿಸಬೇಕಾಗುತ್ತದೆ, ಊಟವಿಲ್ಲದೆ ನುಂಗಿದರೆ ಕೆಲವು ಸಕ್ಕರೆಯನ್ನು ಪಾತಾಳಕ್ಕಿಳಿಸುತ್ತವೆ. ಯಾವುದು ಯಾವುದೆಂದು ಹುಷಾರಿರುವಾಗಲೇ ಕೇಳಿ ಬರೆದಿಟ್ಟುಕೊಳ್ಳಬೇಕು.

ಗ್ಲುಕೋಮೀಟರ್ ಇದ್ದವರು ಜ್ವರದ ದಿನ ಕನಿಷ್ಠ ಮೂರು ನಾಲ್ಕು ಸಲ ನೋಡಲಿ. ಊಟ ಸೇರದಿದ್ದರೆ ಉಪ್ಪು ಹಾಕಿದ ತೆಳು ಗಂಜಿ, ಮಜ್ಜಿಗೆ ಸ್ವಲ್ಪ ಸ್ವಲ್ಪವೇ, ಗಂಟೆಗೊಂದು ಸಲ. ಬೆವರು, ನಡುಕ, ಕಣ್ಣು ಕತ್ತಲೆ, ಸಕ್ಕರೆ 70ಕ್ಕಿಂತ ಕೆಳಗೆ: ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಸಿ, ಕಾಲು ಗಂಟೆ ಬಿಟ್ಟು ಮತ್ತೆ ನೋಡಿ. ಪ್ರಜ್ಞೆ ಇಲ್ಲದವರ ಬಾಯಿಗೆ ಏನೂ ಸುರಿಯಬೇಡಿ. ಸಕ್ಕರೆ 300 ದಾಟಿ ಇಳಿಯದಿದ್ದರೆ, ವಾಂತಿ ನಿಲ್ಲದಿದ್ದರೆ, ಏದುಸಿರು ಬಂದರೆ, ಮಂಪರು ಕವಿದರೆ ಬೆಳಗಾಗಲಿ ಎಂದು ಕಾಯಬೇಡಿ. 108ಕ್ಕೆ ಫೋನ್ ಮಾಡಿ.

ಆದೇಶ ಬಂತು, ಗುಳಿಗೆ ಬಂತೇ?

2020ರ ಏಪ್ರಿಲ್‌ನಲ್ಲೇ ಕೇಂದ್ರ ಆರೋಗ್ಯ ಇಲಾಖೆ ರಾಜ್ಯಗಳಿಗೆ ಒಂದು ಮಾರ್ಗಸೂಚಿ ಕಳಿಸಿತ್ತು. ಬಿ.ಪಿ., ಸಕ್ಕರೆ ಕಾಯಿಲೆಯವರಿಗೆ ಮೂರು ತಿಂಗಳವರೆಗಿನ ಗುಳಿಗೆಯನ್ನು ಆಶಾ ಕಾರ್ಯಕರ್ತೆಯರ ಮೂಲಕ ಅಥವಾ ಉಪಕೇಂದ್ರದ ಮೂಲಕ ಮುಟ್ಟಿಸಿ ಎಂದು. ಒಳ್ಳೆಯ ಮಾತು. ಆದರೆ ಯಾರ ಮನೆಗೆ ಮುಟ್ಟಿಸುವುದು? ಪೇಟೆಯ ಖಾಸಗಿ ಡಾಕ್ಟರರ ಚೀಟಿಯಲ್ಲಿ ನಡೆಯುತ್ತಿದ್ದವರ ಹೆಸರು ಸರಕಾರಿ ಪುಸ್ತಕದಲ್ಲಿ ಇರಬೇಕಲ್ಲ? ಮನೆ ಮನೆ ಸುತ್ತಿದ ಆಶಾ ಕಾರ್ಯಕರ್ತೆಯರೇ 2020ರ ಜುಲೈಯಲ್ಲಿ ತಿಂಗಳಿಗೆ 12 ಸಾವಿರ ರೂಪಾಯಿ ಗೌರವಧನ ಕೇಳಿ ಮುಷ್ಕರ ಹೂಡಬೇಕಾಯಿತು. ಫೋನಿನಲ್ಲೇ ಡಾಕ್ಟರರನ್ನು ಕಾಣುವ ಇ-ಸಂಜೀವಿನಿಯೂ ಅದೇ ಏಪ್ರಿಲ್‌ನಲ್ಲಿ ಬಂತು. ನೆಟ್‌ವರ್ಕ್ ಹುಡುಕಿ ಗುಡ್ಡ ಹತ್ತುವ ಊರಿನಲ್ಲಿ ಕಾಲು ನೋವಿನ ಅಜ್ಜಿ ಅದನ್ನು ಎಲ್ಲಿ ಕಂಡಳು?

2024ರಲ್ಲಿ ಕೋಲಾರದಲ್ಲಿ ಶುರುವಾದ 'ಗೃಹ ಆರೋಗ್ಯ' ಯೋಜನೆಯನ್ನು ಸರಕಾರ 2025ರಲ್ಲಿ ಉಳಿದ ಜಿಲ್ಲೆಗಳಿಗೂ ತಂದಿದೆ. ಮನೆಬಾಗಿಲಿಗೇ ಬಂದು ಸಕ್ಕರೆ, ಬಿ.ಪಿ. ನೋಡುವ ಯೋಜನೆ ಇದು. ಆ ಪಟ್ಟಿ ಕಂಪ್ಯೂಟರಿನಲ್ಲಿ ಕೂತರೆ ಸಾಲದು. ಪ್ರತಿ ಗ್ರಾಮ ಪಂಚಾಯಿತಿಯಲ್ಲಿ ಇನ್ಸುಲಿನ್ ತೆಗೆದುಕೊಳ್ಳುವವರು ಯಾರು, ಅವರ ಮನೆಯಲ್ಲಿ ಗಾಡಿ ಇದೆಯೇ, ಬಸ್ಸು ನಿಂತರೆ ಅವರಿಗೆ ಔಷಧಿ ಒಯ್ಯುವವರು ಯಾರು ಎಂಬುದು ಕಾಗದದ ಮೇಲೆ ಇರಬೇಕು. ಮಂಗನ ಕಾಯಿಲೆಯ ಕಾಲ ಶುರುವಾಗುವ ಮೊದಲು, ಮಳೆಗಾಲ ಹಿಡಿಯುವ ಮೊದಲು, ವರ್ಷಕ್ಕೆರಡು ಸಲ ಒಂದು ತಿಂಗಳ ಹೆಚ್ಚುವರಿ ಗುಳಿಗೆ ಅವರ ಕೈ ಸೇರಬೇಕು. ಇದಕ್ಕೆ ಕೋಟಿಗಟ್ಟಲೆ ದುಡ್ಡು ಬೇಡ, ಸ್ವಲ್ಪ ಮನಸ್ಸು ಬೇಕು.

ಪೇಟೆಯವರು ಮಾಡಬಹುದಾದದ್ದೂ ಇದೆ. ಮೆಡಿಕಲ್ ಶಾಪಿನವರು ಬಸ್ಸಿನಲ್ಲಿ ಔಷಧಿ ತರಿಸುವ ಖಾಯಂ ಗಿರಾಕಿಗಳ ಹೆಸರು, ಊರು, ಗುಳಿಗೆ, ಸ್ಟಾಪಿನ ಅಂಗಡಿಯ ಫೋನ್ ನಂಬರನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಲಿ. ಸಾಲದ ಪುಸ್ತಕ ಇಡುವವರಿಗೆ ಇದೇನು ಹೊರೆಯಲ್ಲ. 2020ರಲ್ಲಿ ಆ ಪಟ್ಟಿ ಇದ್ದದ್ದು ಕಂಡಕ್ಟರುಗಳ ತಲೆಯಲ್ಲಿ ಮಾತ್ರ. ಕಂಡಕ್ಟರ್ ಮನೆಯಲ್ಲಿ ಕೂತ, ಪಟ್ಟಿಯೂ ಅವನ ಜೊತೆ ಮನೆಯಲ್ಲೇ ಕೂತಿತು.

ಮುಂದಿನ ಸಲ ಬಸ್ಸು ನಿಲ್ಲುವ ಮೊದಲು ಸಂಬಂಧಪಟ್ಟವರು ಇತ್ತ ಗಮನ ಹರಿಸುವರೇ?